ಲಾರ್ಡ್ ಮೆಕ್‌ಡೊನಾಲ್ಡ್ ಹೋಗಿ ಚರ್ಮದ ಚಲ್ಲಣ ಆಗಿದ್ದು

ಹೋದ ತಿಂಗ್ಳು ಅಕ್ಕನ ಮಗಳು ಪಾಪು ಪಿಟೀಲು ಕ್ಲಾಸಿಂದ ಬಂದವಳೇ "ಚಿಕ್ಕಿ, ಮಿಸ್ ಹೊಸ ನೋಟ್ ಸ್ವರ ಹೇಳ್ಕೊಟ್ರು" ಅಂತ ನುಡಿಸಿ ತೋರಿಸಿದ್ಲು. ಮುತ್ತುಸ್ವಾಮಿ ದೀಕ್ಷಿತರ ಜಗದೀಶ ಗುರುಗುಹ. ನೋಟ್ ಸ್ವರ ಅಂದ್ರೆ ಪಾಶ್ಚಾತ್ಯ ಮಟ್ಟಿಗೆ ಅವರು ಸಂಸ್ಕೃತ ಸಾಹಿತ್ಯ ಹಾಕಿದ ಪುಟ್ಟ ರಚನೆ. ನುಡಿಸಿದ್ದು ಸುಮಾರಾಗಿತ್ತು ಬಿಡಿ, ಆದ್ರೆ ಅವಳ ನೋಟ್‌ಬುಕ್ಕಿನ ಮೂಲೇಲಿ ಮಿಸ್ಸು ಪೆನ್ಸಿಲಲ್ಲಿ ಸಣ್ಣಗೆ ಬರೆದಿದ್ರು: ಲಾರ್ಡ್ ಮೆಕ್‌ಡೊನಾಲ್ಡ್ಸ್ ರೀಲ್. ರೀಲ್ ಅಂದ್ರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಚುರುಕು ಕುಣಿತದ ಟ್ಯೂನು. ನನ್ ಕಿವಿ ನೆಟ್ಟಗಾಯ್ತು. ಹತ್ತು ವರ್ಷದಿಂದ ಐರಿಷ್ ಪಿಟೀಲಿನ ಹುಚ್ಚು ಹಿಡಿಸ್ಕೊಂಡವಳು ನಾನು, ಈ ಹೆಸ್ರು ಮೈಕೆಲ್ ಕೋಲ್ಮನ್ ರೆಕಾರ್ಡಲ್ಲಿ ನೋಡಿದ್ದೆ, ಅದೂ ಇದೂ ಒಂದೇನಾ ಅಂತ ಹುಡುಕೋಕೆ ಕೂತು ಮೂರು ಭಾನುವಾರ ಕಳ್ದೇ ಹೋಯ್ತು, ಒಂದಿನ ಸಾರು ತಳ ಹಿಡಿದಿದ್ದೂ ಇದೇ ಲೆಕ್ಕದಲ್ಲಿ.

ಕೋಲ್ಮನ್ ಐರ್ಲೆಂಡಿನ ಸ್ಲೈಗೊ ಕಡೆಯವ್ನು, ಹುಟ್ಟಿದ್ದು 1891. 1914ರಲ್ಲಿ ಅಮೆರಿಕಾಕ್ಕೆ ಹೋದ, 1921ರಿಂದ ನ್ಯೂಯಾರ್ಕಲ್ಲಿ ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ಪ್ಲೇಟುಗಳನ್ನ ಮಾಡ್ತಾ ಬಂದ. ಆ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯೋದು ಮೂರು ನಿಮಿಷದ ಸಂಗೀತ. ಸಾಮಾನ್ಯವಾಗಿ ಒಂದು ರೀಲು ಅಂದ್ರೆ ಎರಡು ಭಾಗ, ಒಂದೊಂದು ಭಾಗ ಎರಡೆರಡು ಸಲ, ಕುಣಿತದ ಸ್ಪೀಡಲ್ಲಿ ಒಂದು ಸುತ್ತು ಅರ್ಧ ನಿಮಿಷದ ಆಸುಪಾಸಲ್ಲಿ ಮುಗ್ದೋಗತ್ತೆ. ಅದಕ್ಕೇ ಒಂದಾದ್ಮೇಲೆ ಒಂದು ಎರಡ್ಮೂರು ಟ್ಯೂನ್ ಜೋಡಿಸಿ ಬಾರಿಸ್ತಿದ್ರು. ಲಾರ್ಡ್ ಮೆಕ್‌ಡೊನಾಲ್ಡ್ ಬೆನ್ನಿಗೆ ಕೋಲ್ಮನ್ ಬ್ಯಾಲಿನಸ್ಲೋ ಫೇರ್ ಅನ್ನೋ ಇನ್ನೊಂದು ರೀಲು ಕಟ್ಟಿದ್ದಾನೆ. ಎಲ್ಲಿ ಒಂದು ಮುಗೀತು ಎಲ್ಲಿ ಇನ್ನೊಂದು ಶುರುವಾಯ್ತು ಅಂತ ಗೊತ್ತಾಗೋಕೆ ನಂಗೆ ನಾಲ್ಕು ಸಲ ಕೇಳ್ಬೇಕಾಯ್ತು.

ಮೊದಲ ಸಲ ಕೇಳ್ದಾಗ ಜಗದೀಶನೂ ಇಲ್ಲ, ಗುರುಗುಹನೂ ಇಲ್ಲ. ಯೂಟ್ಯೂಬಲ್ಲಿ ಸ್ಪೀಡ್ ಅರ್ಧಕ್ಕೆ ಇಳಿಸ್ದೆ. ಪಕ್ಕದಲ್ಲಿ ಪಾಪುಗೆ ಪಿಟೀಲು ಕೊಟ್ಟು "ನೀನು ನಿಧಾನಕ್ಕೆ ನುಡಿಸ್ತಾ ಇರು" ಅಂದೆ. ಕೋಲ್ಮನ್ ಬಿಲ್ಲು ಒಂದೊಂದು ಸ್ವರದ ಜಾಗದಲ್ಲಿ ಮೂರು ಮೂರು ಚಿಕ್ಕ ಸ್ವರ ಉದುರಿಸ್ಕೊಂಡು ಹೋಗತ್ತೆ, ಆ ಉದುರನ್ನೆಲ್ಲ ಗುಡಿಸಿ ಪಕ್ಕಕ್ಕಿಟ್ಟು ಕೇಳಿದ್ರೆ ಕೆಳಗೆ ಒಂದು ಎಲುಬು ಕಾಣತ್ತೆ, ಆ ಎಲುಬು ನಮ್ ಶಂಕರಾಭರಣ ರಾಗದ್ದು. ಹಿಂದೆ ಪಿಯಾನೋದವ್ನು ಎಲ್ಲೆಲ್ಲೋ ಕುಟ್ತಾ ಇರ್ತಾನೆ, ಅವನನ್ನ ಲೆಕ್ಕಕ್ಕೆ ತಗೋಬೇಡಿ, ಕೋಲ್ಮನ್ ರೆಕಾರ್ಡುಗಳಲ್ಲಿ ಪಿಯಾನೋದ್ದು ಯಾವಾಗ್ಲೂ ಇದೇ ಗೋಳು.

ಹಿಂದಕ್ಕೆ ಹೋದ್ರೆ ಟ್ಯೂನು ಐರ್ಲೆಂಡಿಂದೇ ಅಲ್ಲ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಮೆಕ್‌ಡೊನಾಲ್ಡ್ ಅನ್ನೋ ಮನೆತನ, 1776ರಲ್ಲಿ ಅವರ ಯಜಮಾನನಿಗೆ ಲಾರ್ಡ್ ಪದವಿ ಸಿಕ್ತು, ಟ್ಯೂನಿನ ಹೆಸ್ರಲ್ಲಿರೋ ಲಾರ್ಡು ಆ ಮನೆಯವ್ನು. ಅಲ್ಲಿಂದ ಐರ್ಲೆಂಡಿಗೆ ದಾಟಿ ಪೂರ್ತಿ ಐರಿಷ್ ಆಗೋಯ್ತು. ಅಮೆರಿಕಾದ ದಕ್ಷಿಣಕ್ಕೆ ಹೋಗಿದ್ದಂತೂ ಲಾರ್ಡನ್ನ ಹಡಗಲ್ಲೇ ಬಿಟ್ಟು ಇಳೀತು ಅನ್ಸತ್ತೆ, ಅಲ್ಲಿ ಅದ್ರ ಹೆಸ್ರು ಲೆದರ್ ಬ್ರಿಚಸ್, ಅಂದ್ರೆ ಚರ್ಮದ ಚಲ್ಲಣ! ಮಿಸಿಸಿಪ್ಪಿಯ ಲೀಕ್ ಕೌಂಟಿ ರೆವೆಲರ್ಸ್ ಅನ್ನೋ ತಂಡ 1920ರ ದಶಕದಲ್ಲಿ ಇದನ್ನ ರೆಕಾರ್ಡ್ ಮಾಡಿದೆ. ಚಲ್ಲಣದ ತುಂಬ ಹೊಲಿಗೆ, ಅಮ್ಮ ಗುಂಡಿ ಹಾಕಿದ್ಲು ಅನ್ನೋ ಥರದ ಮಕ್ಕಳ ಪದ ಒಂದು ಅದಕ್ಕೆ ಅಂಟ್ಕೊಂಡಿದೆ, ಹೆಸ್ರು ಗಟ್ಟಿಯಾಗಿದ್ದು ಆ ಪದದಿಂದ್ಲೇ ಅಂತ ನನ್ ಲೆಕ್ಕಾಚಾರ.

ಯಾಕಂದ್ರೆ ನೋಡಿ, ನಮ್ಮಲ್ಲಿ ಕೃತಿ ಹೆಸ್ರು ಕಳ್ಕೊಳ್ಳೋಕೆ ಆಗೋದೇ ಇಲ್ಲ, ಬಾಯಿ ತೆಗೆದ್ರೆ ಮೊದಲ ಸಾಲೇ ಹೆಸ್ರು. ಸಾಹಿತ್ಯ ಇಲ್ಲದ ಕುಣಿತದ ಟ್ಯೂನಿಗೆ ಹೆಸ್ರು ಅಂದ್ರೆ ಬಾಡಿಗೆ ಮನೆ ಇದ್ದಂಗೆ. ಯಾರ ಹತ್ರ ಕಲಿತ್ರೋ ಅವರ ಹೆಸ್ರು, ಇಲ್ಲಾ ಊರಿನ ಹೆಸ್ರು, ಇಲ್ಲಾ ರೆಕಾರ್ಡ್ ಕಂಪನಿಯವ್ನು ಲೇಬಲ್ ಮೇಲೆ ಏನು ಹೊಡೆದ್ನೋ ಅದು. ಏನೂ ಗೊತ್ತಿಲ್ಲ ಅಂದ್ರೆ "ಗಾನ್ ಆನಿಮ್" ಅಂತ ಹಾಕ್ತಾರೆ, ಐರಿಷ್ ಭಾಷೇಲಿ ಹೆಸರಿಲ್ಲ ಅಂತ ಅರ್ಥ, ಸೀಡಿ ಕವರಲ್ಲಿ ಅದನ್ನೇ ಟ್ಯೂನಿನ ಹೆಸ್ರು ಅನ್ಕೊಂಡು ನಾನು ಎಷ್ಟು ದಿನ ಮೋಸ ಹೋಗಿದ್ನೋ. ಫ್ರಾನ್ಸಿಸ್ ಓನೀಲ್ ಅಂತ ಒಬ್ರಿದ್ರು, ಕಾರ್ಕ್ ಕಡೆ ಹುಟ್ಟಿ ಶಿಕಾಗೊ ಪೊಲೀಸ್ ಚೀಫ್ ಆದವ್ರು, 1903ರಲ್ಲಿ 1,850 ಟ್ಯೂನ್ ಸೇರಿಸಿ ಪುಸ್ತಕ ಅಚ್ಚು ಹಾಕಿಸಿದ್ರು. ಇಂಥ ಹೆಸರುಗಳ ಗೋಜಲು ಬಿಡಿಸೋಕೆ ಪೊಲೀಸರೇ ಬೇಕಿತ್ತು ಅನ್ನಿ.

ಮದ್ರಾಸಿಗೆ ಹೇಗೆ ಬಂತು ಅನ್ನೋದು ಇದಕ್ಕಿಂತ ಸರಳ. ದೀಕ್ಷಿತರು ಚಿಕ್ಕವರಿದ್ದಾಗ ಮನೆಯವರ ಜೊತೆ ಮದ್ರಾಸ್ ಹತ್ರದ ಮಣಲಿಯಲ್ಲಿದ್ರು, ಕೋಟೇಲಿ ಈಸ್ಟ್ ಇಂಡಿಯಾ ಕಂಪನಿ ಬ್ಯಾಂಡು ಬಾರಿಸ್ತಿತ್ತು, ತಮ್ಮ ಬಾಲುಸ್ವಾಮಿ ಪಿಟೀಲು ಕಲೀತಿದ್ರು. ಕಿವಿಗೆ ಬಿದ್ದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದ್ರು. ಸ್ವರ ತೂಗಾಡಿಸೋ ಗಮಕ ಇಲ್ಲ, ಎಲ್ಲಾ ಶಂಕರಾಭರಣದ ಸ್ವರ, ಅದಕ್ಕೇ ಚಿಕ್ಕ ಮಕ್ಕಳಿಗೆ ಹೇಳ್ಕೊಡೋದು. ಕುಡಿದು ಕುಣಿಯೋರ ಟ್ಯೂನು ಮಡಿ ಉಟ್ಕೊಂಡು ಕೂತ್ಕೊಂಡ್ತು. ಮೊಳೆ ಹೊಡೆದಂಗೆ ಹೆಸ್ರೂ ಕೂತ್ಕೊಂಡ್ತು.

ಪಾಪುಗೆ ಈಗ ಅದನ್ನ ಕೋಲ್ಮನ್ ಸ್ಪೀಡಲ್ಲೇ ನುಡಿಸ್ಬೇಕಂತೆ, ಕಾಲು ಬೇರೆ ತಾಳ ಕುಟ್ತಾ ಇರತ್ತೆ, ಮಿಸ್ಸಿಗೆ ಗೊತ್ತಾದ್ರೆ ಬೈಸ್ಕೊಳ್ಳೋದು ನಾನು. ಅದೇ ನೋಟ್‌ಬುಕ್ಕಲ್ಲಿ ಮುಂದಿನ ಪುಟ ತಿರುವಿದ್ರೆ ವಂದೇ ಮೀನಾಕ್ಷಿ, ಪಕ್ಕದಲ್ಲಿ ಪೆನ್ಸಿಲಲ್ಲಿ "ಲಿಮರಿಕ್" ಅಂತ ಇದೆ. ಅದು ಐರ್ಲೆಂಡಿನ ಊರು. ಈ ಭಾನುವಾರಾನೂ ಹೋಯ್ತು.