ದೊಡ್ಡಮ್ಮ ಓದಿದ ಬೆಳ್ಳಿಮೋಡ

ಶಿವಮೊಗ್ಗ, ಡಿಸೆಂಬರ್ 4, 2025, ಗುರುವಾರ

ಸಂಜೆ ಕಪಾಟು ಒರೆಸುವಾಗ ತ್ರಿವೇಣಿಯವರ ಕಾದಂಬರಿ ‘ಬೆಳ್ಳಿಮೋಡ’ ಕೈಗೆ ಬಂತು. ತೀರ್ಥಹಳ್ಳಿಯ ಮನೆಯಿಂದ ಯಾರನ್ನೂ ಕೇಳದೆ ಎತ್ತಿಕೊಂಡು ಬಂದಿದ್ದ ಪ್ರತಿ. ಹಾಳೆಗಳ ಅಂಚಿನಲ್ಲೆಲ್ಲ ದೊಡ್ಡಮ್ಮನ ಹೆಬ್ಬೆರಳ ಗುರುತು, ಅಡಿಕೆ ಚೊಗರಿನ ಕಂದು ಬಣ್ಣದಲ್ಲಿ, ಇನ್ನೂ ಮಾಸಿಲ್ಲ. ಕೊನೆಯ ಕೆಲವು ಹಾಳೆಗಳು ಮಾತ್ರ ಶುಭ್ರವಾಗಿವೆ.

ಸುಗ್ಗಿಯ ರಾತ್ರಿಗಳಲ್ಲಿ ನಮ್ಮ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರೆ, ಅವರಿಗೆ ನಿದ್ದೆ ಹತ್ತದಂತೆ ದೊಡ್ಡಮ್ಮ ನಡುನಡುವೆ ಸುಲಿಯುವುದನ್ನು ನಿಲ್ಲಿಸಿ ಕಾದಂಬರಿ ಓದುತ್ತಿದ್ದಳು. ಎಂ.ಕೆ. ಇಂದಿರಾ ಎಂದರೆ ಅವಳಿಗೆ ತವರಿನವರಿದ್ದಂತೆ. ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ನಡುವಯಸ್ಸಿನಲ್ಲಿ ಬರೆಯಲು ಕುಳಿತವರು. ಆದರೆ ಪ್ರೇಮದ ಕಥೆ ಬೇಕೆಂದಾಗ ತ್ರಿವೇಣಿಯೇ ಆಗಬೇಕಿತ್ತು. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ಬಾಣಂತಿಯಾಗಿದ್ದಾಗಲೇ ತೀರಿಹೋದ ಆಕೆಯನ್ನು ದೊಡ್ಡಮ್ಮ ಸತ್ತ ತಂಗಿಯನ್ನು ನೆನೆದಂತೆ ನೆನೆಯುತ್ತಿದ್ದಳು.

‘ಬೆಳ್ಳಿಮೋಡ’ದ ಕೊನೆಯನ್ನು ಮಾತ್ರ ಅವಳು ಪುಸ್ತಕ ಮುಚ್ಚಿಟ್ಟು ಹೇಳುತ್ತಿದ್ದಳು, ಬಾಯಿಪಾಠವಾಗಿದೆ ಎಂದು ನಾವೆಲ್ಲ ನಂಬಿದ್ದೆವು. ಅವಳ ಕಥೆಯಲ್ಲಿ ನಾಯಕಿ ಇಂದಿರೆ ಮೋಹನನನ್ನು ಕ್ಷಮಿಸಿ ಮದುವೆಯಾಗುತ್ತಾಳೆ. ಪುಸ್ತಕದ ಇಂದಿರೆ ಒಪ್ಪುವುದಿಲ್ಲ. ತನಗೊಬ್ಬ ತಮ್ಮ ಹುಟ್ಟಿ ಆಸ್ತಿ ಅವನ ಪಾಲಾಗುತ್ತದೆಂದು ತನ್ನನ್ನು ಕೈಬಿಟ್ಟವನನ್ನು, ಕಾಲು ಮುರಿದು ಮಲಗಿದಾಗ ಆರೈಕೆ ಮಾಡಿ ನಡೆಯುವಂತೆ ಮಾಡಿದ ಮೇಲೆ, ಅವನೇ ಬಂದು ಕೇಳಿದರೂ ಬೇಡವೆನ್ನುತ್ತಾಳೆ. ಕಾಲೇಜು ಸೇರಿದ ಮೇಲೆ ನಾನೇ ಓದಿ ಇದು ತಿಳಿದಾಗ ಎರಡು ದಿನ ಮಂಕು ಬಡಿದಂತಾಗಿತ್ತು.

ಇಂದು ಫೋನ್ ಮಾಡಿ ಕೇಳಿಯೇಬಿಟ್ಟೆ.

“ಹೌದು ಕಣೇ, ಬದಲಾಯಿಸಿದ್ದೆ. ಎಲ್ಲರೂ ಕತ್ತಿ ಬಿಟ್ಟು ಅಳುತ್ತ ಕೂತರೆ ಅಷ್ಟು ಅಡಿಕೆ ಯಾರು ಸುಲಿಯುವುದು?”

“ಸಿನಿಮಾ ನೋಡಿದವರು ಸುಮ್ಮನಿದ್ದರೇ?”

“ಒಬ್ಬಳು ಕೇಳಿದಳು. ಸಿನಿಮಾದವರು ಕಥೆ ಕೆಡಿಸಿದ್ದಾರೆ ಅಂದೆ.”

1967ರಲ್ಲಿ ಅದನ್ನು ತೆರೆಗೆ ತಂದ ಪುಟ್ಟಣ್ಣ ಕಣಗಾಲರ ಮೇಲೆಯೇ ಗೂಬೆ ಕೂರಿಸಿದ ದೊಡ್ಡಮ್ಮನ ಧೈರ್ಯಕ್ಕೆ ನಕ್ಕು ಸಾಕಾಯಿತು.

ಪ್ರೇಮ ಕಾದಂಬರಿ ಓದುತ್ತೇನೆಂದರೆ ಆಫೀಸಿನಲ್ಲಿ ಹುಬ್ಬು ಏರಿಸುವವರಿದ್ದಾರೆ. ಬಸ್ಸಿನಲ್ಲಿ ಸಾಯಿಸುತೆಯವರ ಪುಸ್ತಕದ ಮುಖಪುಟವನ್ನು ಮಡಿಲಿಗೆ ಒತ್ತಿ ಹಿಡಿದು ಓದಿದವಳು ನಾನೂ ಹೌದು. ಆ ಕಥೆಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ, ಅದು ನಿಜ. ಆದರೆ ಒಪ್ಪಿಗೆ ಕೇಳಿ ಬಂದ ಗಂಡಸಿಗೆ ಹೆಣ್ಣೊಬ್ಬಳು ಸದ್ದಿಲ್ಲದೆ ಬೇಡವೆನ್ನಬಹುದೆಂದು ನನಗೆ ತೋರಿಸಿದ್ದು ಇದೇ ಜಾತಿಯ ಒಂದು ಪುಸ್ತಕ.

“ನಿನಗೆ ಯಾವ ಕೊನೆ ಇಷ್ಟ ದೊಡ್ಡಮ್ಮ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಡೆ ಉಕ್ಕುತ್ತಿದೆ, ಇಡ್ತೀನಿ” ಎಂದಳು.

ಬದಲಾಯಿಸಬೇಕಾದರೆ ಅವಳು ಆ ಕೊನೆಯನ್ನು ಓದಿರಲೇಬೇಕು. ಚೊಗರಿನ ಕೈಯಲ್ಲಿ ಮುಟ್ಟಿಲ್ಲ, ಅಷ್ಟೆ. ಹಾಗಿದ್ದರೆ ಯಾವಾಗಲೋ ಹಗಲು ಹೊತ್ತಿನಲ್ಲಿ, ಕೈ ತೊಳೆದುಕೊಂಡು, ಒಬ್ಬಳೇ ಕುಳಿತು ಓದಿರಬೇಕು.