ಊಟ ಆಯ್ತಾ, ಲೋಲಾ?

2025 ಆಗಸ್ಟ್ 19, ಮಂಗಳವಾರ ರಾತ್ರಿ
ದವಾವೊ, ಫಿಲಿಪೈನ್ಸ್

ಮಳೆ ಇನ್ನೂ ನಿಂತಿಲ್ಲ. ನಿದ್ದೆ ಬರ್ತಿಲ್ಲ, ಬರೆದುಬಿಡ್ತೀನಿ.

ಸಂಜೆ ಆಸ್ಪತ್ರೆ ವಾರ್ಡಿಂದ ಬಂದಾಗ ಲೋಲಾ (ಇಲ್ಲಿ ಅಜ್ಜಿಗೆ ಹಾಗಂತಾರೆ, ಕರೆಯುವಾಗ ಬರೀ 'ಲಾ'; ಇವಳು ಕೆಳಗಿನ ಕೋಣೆಯವಳು) ಗೇಟಿನ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿದ್ದಳು. "ಬ್ಲೆಸ್, ಲಾ" ಅಂತ ಬಾಗಿ ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡೆ. ಬೆಳ್ಳುಳ್ಳಿ ಸುಲಿದ ಕೈ, ತಣ್ಣಗಿತ್ತು. ದಿನವೂ ಕೇಳೋದನ್ನೇ ಕೇಳಿದಳು: "ನಿಕಾವೊನ್ ನಾ ಕಾ, ದಾಯ್?" ಊಟ ಆಯ್ತೇನೇ ಮಗಳೇ?

ದಿನಾ "ಆಯ್ತು ಲಾ" ಅಂತ ಹೇಳಿ ಮೆಟ್ಟಿಲು ಹತ್ತೋಳು ನಾನು. ಇವತ್ತು ಸುಸ್ತಾಗಿತ್ತೋ ಏನೋ, ನಿಜ ಬಾಯಿಗೆ ಬಂದುಬಿಡ್ತು. "ವಾಲಾ ಪಾ, ಲಾ." ಇನ್ನೂ ಇಲ್ಲ.

ಗೋಡೆ ಹಿಡ್ಕೊಂಡು ಎದ್ದಳು. ಬೇಡ ಅಂದ್ರೂ ಕೇಳಲಿಲ್ಲ. ಬೇಯಿಸಿದ ಸಾಬಾ ಬಾಳೆಹಣ್ಣು ಮೂರು, ಸಿಪ್ಪೆ ಸಮೇತ, ಹಬೆಯಾಡ್ತಿದ್ದವು. ಗಿನಾಮೊಸ್ ಬಟ್ಟಲನ್ನ ನನ್ನಿಂದ ದೂರ ಸರಿಸಿಟ್ಟಳು. ಅದು ಉಪ್ಪು ಹಾಕಿ ಹುಳಿ ಬರಿಸಿದ ಮೀನು, ನಾನು ತಿನ್ನಲ್ಲ ಅಂತ ಅವಳಿಗೆ ಗೊತ್ತು. "ಮಂಗಾವೊನ್ ತಾ" ಅಂದಳು. ಬಾ, ಉಣ್ಣೋಣ.

ಬಂದ ಹೊಸದರಲ್ಲಿ ಇವಳ ಹತ್ತಿರ ಮಾತಾಡೋಕೇ ಹೆದರಿಕೆ ನನಗೆ. ಹಾಸನದಲ್ಲಿ ಕೂತು ಫೋನಲ್ಲಿ ನಾನು ಕಲಿತು ಬಂದದ್ದು ಟಗಾಲೊಗ್. 1937ರಲ್ಲಿ ಅಧ್ಯಕ್ಷ ಕೆಸೋನ್ ರಾಷ್ಟ್ರಭಾಷೆಗೆ ಬುಡ ಮಾಡಿದ್ದು ಅದನ್ನೇ, ಹಾಗಾಗಿ ಅದೊಂದಿದ್ರೆ ಎಲ್ಲ ಕಡೆ ಸಾಕು ಅಂದ್ಕೊಂಡಿದ್ದೆ. "ಮಗಂದಾಂಗ್ ಉಮಾಗಾ ಪೋ", ಅಂದ್ರೆ ಶುಭೋದಯ. ಆ 'ಪೋ' ಎಷ್ಟು ಇಷ್ಟವಾಗಿತ್ತು! ನಮ್ಮ 'ರೀ' ಹಾಗೇ. ದೊಡ್ಡವರು ಒಬ್ಬರೇ ಇದ್ರೂ ಬಹುವಚನ, 'ಕಾಯೋ', ನಮ್ಮ 'ನೀವು'. ಇಲ್ಲಿಗೆ ಬಂದ್ರೆ ಊರಿಗೆ ಊರೇ ಆಡೋದು ಬಿಸಾಯ ಅನ್ನೋ ಬೇರೆ ಭಾಷೆ. ಬೆಳಿಗ್ಗೆ "ಮಾಆಯೊಂಗ್ ಬುನ್ತಾಗ್", ನಡುಮಧ್ಯಾಹ್ನಕ್ಕೆ ಬೇರೆಯೇ ಒಂದು, "ಮಾಆಯೊಂಗ್ ಉದ್ತೊ". ಅದರಲ್ಲಿ ಪೋ ಇಲ್ಲ! ಎಲ್ಲರಿಗೂ 'ಕಾ', ಅಂದ್ರೆ ನೀನು. ಎಂಬತ್ತು ದಾಟಿದವಳಿಗೆ ನೀನು ಅನ್ನೋಕೆ ನಾಲಿಗೆ ಏಳಲಿಲ್ಲ. ಎಷ್ಟೋ ದಿನ ಬಿಸಾಯದ ಕೊನೆಗೂ ಪೋ ಅಂಟಿಸ್ತಿದ್ದೆ. "ನಾನೇನು ಮನಿಲಾದವಳಾ?" ಅಂತ ಒಂದಿನ ನನ್ನ ಕೆನ್ನೆ ಹಿಡಿದು ಕೇಳಿದಳು.

ಆವತ್ತು ರಾತ್ರಿ ಹೊಳೀತು. ಅಪ್ಪಂಗೆ ನೀವು ಅಂತೀನಿ, ಅಮ್ಮಂಗೆ ನೀನು. ಊರಿಗೆ ಊರೇ ನೀವು ಅನ್ನೋ ನಮ್ಮಜ್ಜಿಗೂ ನಾನು ಹುಟ್ಟಿದಾಗಿಂದ ನೀನೇ. ಮಾರನೇ ದಿನದಿಂದ "ಕುಮುಸ್ತಾ ಕಾ, ಲಾ" ಅನ್ನೋಕೆ ಕಷ್ಟ ಆಗಲಿಲ್ಲ. ಕುಮುಸ್ತಾ ಸ್ಪ್ಯಾನಿಷ್‌ನ 'ಕೊಮೊ ಎಸ್ತಾ'ದಿಂದ ಬಂದದ್ದು. ಆಳಿದವರು 1898ರಲ್ಲೇ ಹೋದರು, ಅವರ 'ಹೇಗಿದ್ದೀಯ' ಮಾತ್ರ ಉಳ್ಕೊಂಡಿದೆ.

ವಾರ್ಡಿನಲ್ಲಿ ಹಾಸಿಗೆ ಪಕ್ಕ ನಿಂತ್ರೆ ನಮಸ್ಕಾರ ಆದ ಮೇಲೆ ಮೊದಲು ಕೇಳೋದು ಹೆಸರು. "ಉನ್ಸಾಯ್ ಇಮೊಂಗ್ ಙಾಲನ್?" ಜೊತೆಯವರು ಆ ಮಾತಿಗೆ ತಡವರಿಸ್ತಾರೆ, 'ನಾಲನ್' ಅಂತಾರೆ. ನನಗೆ ಒಂದನೇ ಕ್ಲಾಸಿನ ಮೇಷ್ಟ್ರು ನೆನಪಾಗ್ತಾರೆ. ಕ ಖ ಗ ಘ ಙ. ಆ ಙ ತಪ್ಪಿದ್ರೆ ಮತ್ತೆ ಮೊದಲಿಂದ ಹೇಳಿಸೋರು. ಅದರಿಂದ ಶುರುವಾಗೋ ಒಂದು ಮಾತೂ ನಾವು ಆಡಲ್ಲ, ಯಾಕೆ ಸಾರ್ ಕಲೀಬೇಕು ಅಂತ ಕೇಳಿದ್ದೆ. ಇಲ್ಲಿ ಹೆಸರು ಅನ್ನೋದೇ ಙ. ಮೇಷ್ಟ್ರಿಗೆ ಇದನ್ನ ಹೇಳ್ಬೇಕಿತ್ತು. ಈಗಿಲ್ಲ ಅವರು.

ರೂಮ್‌ಮೇಟ್ ಉತ್ತರದ ಇಲೊಕೊಸ್ ಕಡೆಯವಳು. ಅವಳ ಬೆಳಗು ಇನ್ನೊಂದು ಥರ, "ನಾಇಂಬಾಗ್ ಅ ಬಿಗಾತ್". ಥ್ಯಾಂಕ್ಸ್‌ಗೆ "ದಿಯೋಸ್ ತಿ ಅಗ್‌ಙಿನಾ" ಅಂತಾಳೆ, ದೇವರೇ ನಿಂಗೆ ಕೊಡ್ಲಿ ಅನ್ನೋ ಹಾಗೆ. ನಮ್ಮೂರಲ್ಲೂ 'ಧನ್ಯವಾದ' ಯಾರಂತಾರೆ? ದೇವರು ಒಳ್ಳೇದು ಮಾಡ್ಲಿ ಅಂತಾರೆ, ಅಷ್ಟೇ.

ಹತ್ತು ಗಂಟೆಗೆ ಅಜ್ಜಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಏಳೂವರೆ, ಒಲೆ ಮುಂದೆ ಇದ್ದಳು. "ಉಂಡ್ಯೇನೇ?" ಲೋಲಾ ಬಾಳೆಹಣ್ಣು ಕೊಟ್ಟದ್ದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡು ಅಜ್ಜಿ ಕೇಳಿದ್ದು ಒಂದೇ. "ಆಯಮ್ಮ ಉಂಡ್ಲಾ?"

ಗೊತ್ತಿಲ್ಲ. ನನ್ನ ತಟ್ಟೆಯಲ್ಲಿ ಮೂರಿದ್ದವು, ಮೂರೂ ನಾನೇ ತಿಂದೆ. ಅವಳ ಮುಂದೆ ಗಿನಾಮೊಸ್ ಬಟ್ಟಲೊಂದೇ ಇತ್ತು. ಒಳಗೆ ಪಾತ್ರೆಯಲ್ಲಿ ಇನ್ನೂ ಇತ್ತೋ ಇಲ್ವೋ ನೋಡಲಿಲ್ಲ. ಎರಡು ವರ್ಷದಿಂದ ದಿನಾ ಕೇಳ್ತಾಳೆ, ಉತ್ತರ ಕಲಿತೆ. ತಿರುಗಿ ಕೇಳಿದ್ದು ಒಂದಿನವೂ ನೆನಪಿಲ್ಲ. ಅಷ್ಟು ಸಣ್ಣ ಮಾತು, "ಇಕಾವ್, ಲಾ?" ನೀನು, ಅಜ್ಜಿ?

ಕೆಳಗೆ ಅವಳ ಕೋಣೆ ದೀಪ ಉರೀತಿದೆ. ಕೆಮ್ಮು ಕೇಳಿಸ್ತಿದೆ. ನಿನ್ನೆ ತಂದ ಬ್ರೆಡ್ ಇದೆ, ಒಂಚೂರು ಹಾಲು ಬಿಸಿ ಮಾಡ್ಕೊಂಡು ಹೋದ್ರೆ