ಯಾರು ಯಾರಿಗೆ ಏನಾಗ್ಬೇಕು: ಪ್ರೋಗ್ರಾಂ ಲಾಗ್, ಮೂರನೇ ವಾರ

ವಂಶವೃಕ್ಷದ ಫೈಲ್ ಕೊಟ್ರೆ ಯಾರು ಯಾರಿಗೆ ಏನಾಗ್ಬೇಕು ಅಂತ ಕನ್ನಡದಲ್ಲೇ ಹೇಳೋ ಪ್ರೋಗ್ರಾಂ ಬರೀತಿದೀನಲ್ಲ, ರಕ್ತಸಂಬಂಧ ಹೋದ ವಾರವೇ ಸರಿಯಾಗಿತ್ತು. ಈ ವಾರ ಮದುವೆಯಿಂದ ಬಂದ ನೆಂಟರನ್ನ ಸೇರಿಸೋಕೆ ಕೂತೆ, ಎಲ್ಲಾ ಗೋಜಲು.

ಗೆಡ್‌ಕಾಮ್ (ವಂಶವೃಕ್ಷ ಬರೆದಿಡೋ ಫೈಲ್ ನಮೂನೆ) ಫೈಲಲ್ಲಿ ಮುಖ್ಯವಾಗಿ ಇರೋದು ಗಂಡ, ಹೆಂಡ್ತಿ, ಮಕ್ಕಳು ಅಷ್ಟೇ, ಮಿಕ್ಕಿದ್ದನ್ನ ನಾವೇ ದಾರಿ ಹಿಡ್ಕೊಂಡು ಹೋಗಿ ಲೆಕ್ಕ ಹಾಕ್ಬೇಕು. ನಾನು ಮೊದ್ಲು ಬ್ರದರ್ ಇನ್ ಲಾ ಅಂತ ಒಂದೇ ಡಬ್ಬ ಮಾಡಿ, ಆಮೇಲೆ ಕನ್ನಡಕ್ಕೆ ತಿರುಗಿಸೋಣ ಅಂದ್ಕೊಂಡಿದ್ದೆ. ದಡ್ಡತನ. ಗಂಡನ ಅಣ್ಣ ಭಾವ, ಗಂಡನ ತಮ್ಮ ಮೈದುನ, ಹೆಂಡ್ತಿ ತಮ್ಮ ಬಾಮೈದ, ಹೆಂಡ್ತಿ ಅಕ್ಕನ ಗಂಡ ಷಡ್ಡಕ, ಈ ನಾಲ್ಕನ್ನೂ ಒಂದರಲ್ಲಿ ತುಂಬಿದ್ರೆ ವಾಪಸ್ ಬಿಡಿಸೋಕೆ ಆಗಲ್ಲ. ಡಬ್ಬ ಕಿತ್ತಾಕಿ ದಾರಿಯನ್ನೇ ಇಟ್ಕೊಂಡೆ: ಸಂಗಾತಿ, ಒಡಹುಟ್ಟು, ಸಂಗಾತಿ, ಜೊತೆಗೆ ಕೇಳ್ತಿರೋದು ಗಂಡೋ ಹೆಣ್ಣೋ, ಆ ಕಡೆಯೋರು ದೊಡ್ಡೋರೋ ಚಿಕ್ಕೋರೋ. ಅರ್ಧ ಜನಕ್ಕೆ ಹುಟ್ಟಿದ ತಾರೀಖೇ ಇಲ್ಲ, ಅದಕ್ಕೆ ದೊಡ್ಡೋರು ಅಂತ ಒಂದು ಟಿಕ್ ಸೇರಿಸ್ದೆ.

ಬೀಗರು ಮಾತ್ರ ಒಂದೇ ಸಲಕ್ಕೆ ಬಂತು. ಮಗ ಅಥವಾ ಮಗಳ ಸಂಗಾತಿಯ ಅಪ್ಪ ಅಮ್ಮ, ಮುಗೀತು. ಓರಗಿತ್ತಿ, ವಾರಗಿತ್ತಿ ಎರಡೂ ಹೇಳ್ತಾರೆ, ಎರಡೂ ಇಟ್ಟಿದೀನಿ, ಜಗಳ ಬೇಡ.

ಮಾವ ಅಂತ ಬಂದಾಗ ಎರಡು ದಿನ ಹೋಯ್ತು. ಅಮ್ಮನ ಅಣ್ಣತಮ್ಮಂದಿರೂ ಮಾವ, ಹೆಂಡ್ತಿಯ ಅಪ್ಪನೂ ಮಾವ, ಅತ್ತೇನೂ ಹಾಗೇ. ಸೋದರಸಂಬಂಧದಲ್ಲಿ ಮದುವೆ ಆದಾಗ ಇಬ್ರೂ ಒಬ್ರೇ ಆಗೋದ್ರಿಂದ ಪದ ಹೀಗಿದೆ ಅಂತ ಓದಿದೀನಿ, ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ಡ್ಯೂಮೋ 1953ರಲ್ಲಿ ದ್ರಾವಿಡ ಸಂಬಂಧವಾಚಕಗಳ ಬಗ್ಗೆ ಬರೆದಿದ್ದೂ ಇದೇ ಮದುವೆ ಲೆಕ್ಕದ ಮೇಲೆ. ಟೆಸ್ಟ್‌ಗೆ ಅಂತ ಅಕ್ಕನನ್ನ ಸೋದರಮಾವನಿಗೆ ಕೊಟ್ಟಿರೋ ಒಂದು ಮನೆ ಹಾಕ್ದೆ, ತಮ್ಮನಿಗೆ ಆತ ಯಾರು ಅಂದ್ರೆ ಎರಡು ದಾರೀನೂ ಎರಡೆರಡೇ ಹೆಜ್ಜೆ, ಪ್ರೋಗ್ರಾಂ ಒಂದ್ಸಲ ಮಾವ, ಒಂದ್ಸಲ ಭಾವ ಅಂತು. ಅಮ್ಮಂಗೆ ಕೇಳಿದ್ರೆ, "ಚಿಕ್ಕೋನಿದ್ದಾಗಿಂದ ಮಾವ ಅಂದೋನು ಮದುವೆ ಮಾರನೇ ದಿನ ಭಾವ ಅಂತಾನೇನೋ?" ಅಂದ್ರು. ಅಲ್ಲಿಗೆ ತೀರ್ಮಾನ: ಮೊದ್ಲು ಹುಟ್ಟಿದ ಸಂಬಂಧಕ್ಕೇ ಆದ್ಯತೆ.

ಇನ್ನೂ ಬಾಕಿ ಇರೋದು ಕರೆಯೋ ಪದದ ಕಾಲಂ. ಷಡ್ಡಕನ್ನ ಯಾರೂ ಎದುರಿಗೆ "ಬಾರೋ ಷಡ್ಡಕ" ಅಂತ ಕರೆಯಲ್ಲ ತಾನೆ, ಸದ್ಯಕ್ಕೆ ನನ್ನ ಪ್ರೋಗ್ರಾಂ ಹಾಗೇ ಕರೀತಿದೆ.